ಕಥೆ ಗೊತ್ತಿದ್ದೂ ಮತ್ತೆ ನೋಡುವಾಗ: 'ಬಫಿ'ಯ ಪಾತ್ರಗಳ ಮನಸ್ಸನ್ನು ತೂಗುವ ಬಗೆ

ಅತಿಮಾನುಷ ಕಥೆಯ ಧಾರಾವಾಹಿಯೊಂದನ್ನು ಎರಡನೆಯ ಸಲ ನೋಡಲು ಕುಳಿತವರಿಗೆ ಮುಂದೇನಾಗುತ್ತದೆಂದು ಗೊತ್ತಿರುತ್ತದೆ. ಅದರೊಳಗಿನ ಪಾತ್ರಗಳಿಗೆ ಗೊತ್ತಿರುವುದಿಲ್ಲ. ಇದನ್ನು ಮರೆತು ನೋಡಿದರೆ ಒಬ್ಬೊಬ್ಬರೂ ದಡ್ಡರಂತೆಯೋ ದ್ರೋಹಿಗಳಂತೆಯೋ ಕಾಣುತ್ತಾರೆ. ನೆನಪಿಟ್ಟುಕೊಂಡು ನೋಡಿದರೆ, ಮೊದಲ ಸಲ ಬರಿಯ ಘಟನೆಯಾಗಿ ಕಣ್ಣ ಮುಂದೆ ಹಾದುಹೋದದ್ದು ಈಗ ಒಬ್ಬ ವ್ಯಕ್ತಿ ಕೈಗೊಂಡ ತೀರ್ಮಾನವಾಗಿ ತೆರೆದುಕೊಳ್ಳುತ್ತದೆ. 'ಬಫಿ ದಿ ವ್ಯಾಂಪೈರ್ ಸ್ಲೇಯರ್' ಧಾರಾವಾಹಿಯನ್ನು ನಾನು ಮೂರು ಸಲ ಪೂರ್ತಿಯಾಗಿ, ಬಿಡಿ ಸಂಚಿಕೆಗಳನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಹಾಗೆ ನೋಡುತ್ತ ನೋಡುತ್ತ ನನ್ನಲ್ಲಿ ರೂಢಿಯಾದ ಕ್ರಮವನ್ನು, ಅದನ್ನು ಈಗಾಗಲೇ ಒಮ್ಮೆ ನೋಡಿ ಮುಗಿಸಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಇನ್ನೂ ನೋಡದವರು ಮೊದಲು ನೋಡಿ ಬರುವುದು ಒಳ್ಳೆಯದು, ಏಕೆಂದರೆ ಕಥೆಯ ಯಾವ ತಿರುವನ್ನೂ ನಾನು ಇಲ್ಲಿ ಮುಚ್ಚಿಡುವುದಿಲ್ಲ.

ಜಾಸ್ ವೀಡನ್ ಸೃಷ್ಟಿಸಿದ ಈ ಧಾರಾವಾಹಿ ಅಮೆರಿಕದಲ್ಲಿ 1997ರ ಮಾರ್ಚ್ 10ರಂದು ಆರಂಭವಾಗಿ 2003ರ ಮೇ 20ರಂದು ಮುಗಿಯಿತು. ಮೊದಲ ಐದು ಸೀಸನ್‌ಗಳು ಡಬ್ಲ್ಯುಬಿ ವಾಹಿನಿಯಲ್ಲಿಯೂ ಕೊನೆಯ ಎರಡು ಯುಪಿಎನ್ ವಾಹಿನಿಯಲ್ಲಿಯೂ ಪ್ರಸಾರವಾದವು. ಒಟ್ಟು 144 ಸಂಚಿಕೆಗಳು. ಕ್ಯಾಲಿಫೋರ್ನಿಯಾದ ಸನ್ನಿಡೇಲ್ ಎಂಬ ಕಾಲ್ಪನಿಕ ಊರು, ಅಲ್ಲಿನ ಶಾಲೆಯ ಗ್ರಂಥಾಲಯದ ಅಡಿಯಲ್ಲಿ ನರಕದ ಬಾಯಿ, ಅದನ್ನು ಕಾಯುವ ಹೊಣೆ ಹೊತ್ತ ಹದಿಹರೆಯದ ಹುಡುಗಿ ಬಫಿ ಸಮ್ಮರ್ಸ್. ಎಲ್ಲವನ್ನೂ ಮೊದಲಿನಿಂದ ನೋಡಲು ಹೊರಟರೆ ಸುಮಾರು 100 ಗಂಟೆ ಬೇಕು. ಪಾತ್ರಗಳ ಉದ್ದೇಶವನ್ನು ತೂಗುವುದಕ್ಕಾಗಿಯೇ ನೋಡುವವರು ಹಾಗೆ ಮಾಡಬಾರದು ಎಂಬುದು ನನ್ನ ಮೊದಲ ಸಲಹೆ. ನೂರು ಗಂಟೆಯ ಓಟದಲ್ಲಿ ಕಥೆ ಮತ್ತೆ ನಮ್ಮನ್ನು ಎಳೆದುಕೊಂಡು ಹೋಗುತ್ತದೆ, ಪ್ರಶ್ನೆ ಕೈಜಾರುತ್ತದೆ. ಒಂದು ಪಾತ್ರವನ್ನು, ಆ ಪಾತ್ರದ ಒಂದು ಕೃತ್ಯವನ್ನು ಆರಿಸಿಕೊಳ್ಳಿ; ಅದಕ್ಕೆ ಸಂಬಂಧಿಸಿದ ಎಂಟು ಹತ್ತು ಸಂಚಿಕೆಗಳನ್ನು ಪಟ್ಟಿ ಮಾಡಿ, ಅವುಗಳನ್ನು ಮಾತ್ರ ಪ್ರಸಾರವಾದ ಕ್ರಮದಲ್ಲಿಯೇ ನೋಡಿ.

ನೋಡುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ, ಆ ಕೃತ್ಯದ ಬಗ್ಗೆ ನಿಮಗೆ ಈಗ ಇರುವ ಅಭಿಪ್ರಾಯವನ್ನೂ ಅದು ನಡೆದ ಬಗೆಯ ನಿಮ್ಮ ನೆನಪನ್ನೂ ನಾಲ್ಕು ಸಾಲಿನಲ್ಲಿ ಬರೆದಿಡಿ. ಈ ನಾಲ್ಕು ಸಾಲು ಬಹಳ ಮುಖ್ಯ. ನಮ್ಮ ನೆನಪು ಮೆಚ್ಚಿನ ಪಾತ್ರದ ತಪ್ಪನ್ನು ಸವರಿ ಚಿಕ್ಕದು ಮಾಡಿರುತ್ತದೆ, ಹಿಡಿಸದ ಪಾತ್ರದ ಮಾತಿಗೆ ತಾನೇ ಒಂದಿಷ್ಟು ವಿಷ ಬೆರೆಸಿರುತ್ತದೆ. ಬರೆದಿಟ್ಟುಕೊಳ್ಳದಿದ್ದರೆ ಅದು ಗೊತ್ತಾಗುವುದೇ ಇಲ್ಲ. ಆಮೇಲೆ ನೋಡುತ್ತ ಹೋದಂತೆ, ಎಡಪುಟದಲ್ಲಿ ಆ ಕ್ಷಣಕ್ಕೆ ಆ ಪಾತ್ರಕ್ಕೆ ಏನೇನು ಗೊತ್ತಿತ್ತು ಎಂಬುದನ್ನು, ಬಲಪುಟದಲ್ಲಿ ಅದು ಏನು ಮಾಡಿತು, ಯಾರಿಗೆ ಏನು ಹೇಳಿತು, ಯಾರಿಂದ ಏನು ಮುಚ್ಚಿಟ್ಟಿತು ಎಂಬುದನ್ನು ಬರೆಯಿರಿ. ಬಲಪುಟ ಸುಲಭ. ಎಡಪುಟ ತುಂಬಿಸುವುದೇ ನಿಜವಾದ ಕೆಲಸ.

ಎಡಪುಟದ ಬೆಲೆ ನನಗೆ ತಿಳಿದದ್ದು ಜೆನ್ನಿ ಕ್ಯಾಲೆಂಡರ್ ಎಂಬ ಕಂಪ್ಯೂಟರ್ ಶಿಕ್ಷಕಿಯ ಪಾತ್ರದಿಂದ. ಬಫಿಯ ಪ್ರೇಮಿ ಏಂಜೆಲ್ ಎಂಬ ರಕ್ತಪಿಶಾಚಿಗೆ ರೊಮಾನಿ ಜನರ ಶಾಪದಿಂದ ಆತ್ಮ ಮರಳಿದೆ. ಒಂದು ಕ್ಷಣದ ಪರಿಪೂರ್ಣ ಸುಖ ಸಿಕ್ಕರೂ ಅದು ಮತ್ತೆ ಕಳೆದುಹೋಗುತ್ತದೆ. ಬಫಿಯ 17ನೆಯ ಹುಟ್ಟುಹಬ್ಬದ ರಾತ್ರಿ ಅದೇ ಆಗುತ್ತದೆ. ಜೆನ್ನಿ ಅದೇ ಬುಡಕಟ್ಟಿನವಳು, ಏಂಜೆಲ್‌ನ ಮೇಲೆ ಕಣ್ಣಿಡಲೆಂದೇ ಆ ಊರಿಗೆ ಬಂದವಳು ಎಂಬುದು ಬಯಲಾದಾಗ, ಅವಳಿಗೆ ಎಲ್ಲವೂ ಮೊದಲೇ ತಿಳಿದಿತ್ತು ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಎರಡನೆಯ ಸಲ ನೋಡಿದಾಗ ಎಡಪುಟದಲ್ಲಿ ಬರೆಯಬೇಕಾಗಿ ಬಂದದ್ದು ಬೇರೆ. ಅವರಿಬ್ಬರನ್ನೂ ದೂರ ಮಾಡು ಎಂಬ ಅಪ್ಪಣೆಯಷ್ಟೇ ಅವಳಿಗೆ ಬಂದಿತ್ತು. ಸುಖದ ಷರತ್ತು ಅವಳಿಗೆ ತಿಳಿಯುವುದು ಆಗಬಾರದ್ದು ಆಗಿಹೋದ ಮೇಲೆ, ಅವಳ ಹಿರಿಯನ ಬಾಯಿಂದ. ಅಂದರೆ ಅವಳು ಗುರುತನ್ನು ಮುಚ್ಚಿಟ್ಟದ್ದು ನಿಜ, ಅಪಾಯವನ್ನು ಮುಚ್ಚಿಟ್ಟದ್ದು ನಿಜವಲ್ಲ. ಈ ವ್ಯತ್ಯಾಸ ಗೊತ್ತಾದ ಮೇಲೆ ಅವಳು ರಾತ್ರಿ ಶಾಲೆಯಲ್ಲಿ ಒಬ್ಬಳೇ ಕುಳಿತು ಶಾಪದ ಪಾಠವನ್ನು ಕಂಪ್ಯೂಟರಿನಲ್ಲಿ ಬಿಡಿಸುವ ದೃಶ್ಯ, ಅವಳ ಕೊಲೆಯಾದ ಮೇಲೆ ಮೇಜಿನ ಸಂದಿಗೆ ಬಿದ್ದು ಯಾರ ಕಣ್ಣಿಗೂ ಬೀಳದೆ ಉಳಿಯುವ ಆ ಫ್ಲಾಪಿ ಡಿಸ್ಕ್, ಎರಡನ್ನೂ ನೋಡಲು ಎದೆ ಗಟ್ಟಿ ಮಾಡಿಕೊಳ್ಳಬೇಕಾಯಿತು.

ಈ ಕ್ರಮವನ್ನು ಪೂರ್ತಿಯಾಗಿ ಪ್ರಯೋಗಿಸಿ ನೋಡಲು ಬಫಿಯ ಸಹಪಾಠಿ ಜ್ಯಾಂಡರ್ ಹ್ಯಾರಿಸ್‌ನ ಸುಳ್ಳಿಗಿಂತ ಒಳ್ಳೆಯ ಉದಾಹರಣೆ ಇಡೀ ಧಾರಾವಾಹಿಯಲ್ಲಿಲ್ಲ. 1998ರ ಮೇ 19ರಂದು ಪ್ರಸಾರವಾದ, 'ಬಿಕಮಿಂಗ್' ಸಂಚಿಕೆಯ ಎರಡನೆಯ ಭಾಗ. ಏಂಜೆಲ್ ಆತ್ಮ ಕಳೆದುಕೊಂಡು ಜೆನ್ನಿಯನ್ನು ಕೊಂದಿದ್ದಾನೆ, ಬಫಿಯ ಮಾರ್ಗದರ್ಶಿಯೂ ಶಾಲೆಯ ಗ್ರಂಥಪಾಲಕನೂ ಆದ ಜೈಲ್ಸ್‌ನನ್ನು ಸೆರೆಹಿಡಿದಿದ್ದಾನೆ, ಲೋಕವನ್ನೇ ನರಕಕ್ಕೆ ತಳ್ಳಲು ಹೊರಟಿದ್ದಾನೆ. ಪೆಟ್ಟು ತಿಂದು ಆಸ್ಪತ್ರೆಯಲ್ಲಿ ಮಲಗಿರುವ ಬಫಿಯ ಗೆಳತಿ ವಿಲೋ, ಏಂಜೆಲ್‌ಗೆ ಆತ್ಮ ಮರಳಿಸುವ ಶಾಪವನ್ನು ಅಲ್ಲಿಂದಲೇ ಮತ್ತೊಮ್ಮೆ ಪ್ರಯತ್ನಿಸುವೆನೆಂದು ಹಟ ಹಿಡಿದು, ಆ ಸುದ್ದಿಯನ್ನು ಬಫಿಗೆ ಮುಟ್ಟಿಸಲು ಜ್ಯಾಂಡರ್‌ನನ್ನು ಕಳಿಸುತ್ತಾಳೆ. ಬಫಿ ಕತ್ತಿ ಹಿಡಿದು ಏಂಜೆಲ್‌ನ ಬಂಗಲೆಯತ್ತ ನಡೆಯುತ್ತಿದ್ದಾಳೆ. ಜ್ಯಾಂಡರ್ ಕೈಯಲ್ಲಿ ಒಂದು ಕಲ್ಲು ಹಿಡಿದು ಎದುರಾಗುತ್ತಾನೆ. ವಿಲೋ ನಿನಗೆ ಹೇಳು ಎಂದಳು, ಎಂದು ಆರಂಭಿಸುತ್ತಾನೆ. ಏನೆಂದು ಬಫಿ ಕೇಳುತ್ತಾಳೆ. ಅವನು ಒಂದು ಗಳಿಗೆ ತಡೆದು, ಅವನನ್ನು ಚೆನ್ನಾಗಿ ಬಾರಿಸು ಎಂದಳು, ಎಂಬರ್ಥದ ಮಾತಾಡಿ ಮುಗಿಸುತ್ತಾನೆ. ಅಷ್ಟೇ. ಮೊದಲ ಸಲ ನೋಡುವವರಿಗೆ ಇದು ಹುರಿದುಂಬಿಸುವ ಮಾತಿನಂತೆ ಕೇಳಿಸುತ್ತದೆ. ಆದರೆ ಮುಂದೆ ಬಫಿ ಕತ್ತಿ ಎತ್ತುವ ಹೊತ್ತಿಗೆ ಏಂಜೆಲ್‌ಗೆ ಆತ್ಮ ಮರಳಿಬಿಡುತ್ತದೆ. ನರಕದ ಬಾಗಿಲು ಅದಾಗಲೇ ತೆರೆದಿರುವುದರಿಂದ ಅವಳು, ತನ್ನನ್ನು ಗುರುತು ಹಿಡಿದವನನ್ನೇ, ಕಣ್ಣು ಮುಚ್ಚು ಎಂದು ಹೇಳಿ ತಿವಿಯಬೇಕಾಗುತ್ತದೆ.

ಆ ತಡೆದ ಗಳಿಗೆಯಲ್ಲಿ ದೃಶ್ಯವನ್ನು ನಿಲ್ಲಿಸಿ. ಮುಖ ನೋಡಿ. ಅವನು ಮಾತನ್ನು ಮೊದಲೇ ಸಿದ್ಧ ಮಾಡಿಕೊಂಡು ಬಂದಿರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಹೇಳಲೆಂದು ಬಾಯಿ ತೆರೆದವನು ಹೇಳದಿರಲು ಅಲ್ಲಿಯೇ ತೀರ್ಮಾನಿಸಿದ. ಇನ್ನು ಎಡಪುಟ ತುಂಬಿಸಿ. ಸೀಸನ್ ಒಂದರಿಂದಲೂ ಅವನಿಗೆ ಬಫಿಯ ಮೇಲೆ ಆಸೆಯಿದೆ, ಏಂಜೆಲ್‌ನನ್ನು ಕಂಡರೆ ಆಗುವುದಿಲ್ಲ: ಇದು ಹೊಟ್ಟೆಕಿಚ್ಚಿನ ಕಾರಣ. ಜೆನ್ನಿಯ ಕೊಲೆ ಮಾಡಿದವನಿಗೆ ಕ್ಷಮೆ ಸಿಗಕೂಡದೆಂದು ಹಿಂದಿನ ಸಂಚಿಕೆಯಲ್ಲಿಯೇ ಗ್ರಂಥಾಲಯದಲ್ಲಿ ಎಲ್ಲರೆದುರು ಜಗಳವಾಡಿದ್ದಾನೆ: ಇದು ನ್ಯಾಯದ ಕಾರಣ. ಈ ಹಿಂದೆ ಬಫಿ ಏಂಜೆಲ್‌ನನ್ನು ಕೊಲ್ಲುವ ಅವಕಾಶವಿದ್ದೂ ಕೈ ತಡೆದದ್ದು ಅವನಿಗೆ ಗೊತ್ತು, ಆ ತಡದ ಬೆಲೆಯನ್ನು ಜೆನ್ನಿ ತೆತ್ತದ್ದೂ ಗೊತ್ತು. ಶಾಪ ಫಲಿಸಬಹುದೆಂದು ತಿಳಿದರೆ ಬಫಿ ಮತ್ತೆ ತಡೆದಾಳು, ಆ ತಡದಲ್ಲಿ ಲೋಕವೇ ಹೋದೀತು: ಇದು ಯುದ್ಧದ ಲೆಕ್ಕಾಚಾರ. ಮೂರೂ ಕಾರಣಗಳಿಗೆ ಸಾಕ್ಷಿ ಇದೆ. ಒಂದನ್ನು ಆರಿಸಿ ಉಳಿದೆರಡನ್ನು ಅಳಿಸಿಹಾಕುವ ಆತುರವನ್ನು ಇಲ್ಲಿ ತಡೆಹಿಡಿಯಬೇಕು. ಒಬ್ಬ ಮನುಷ್ಯ ಸರಿಯಾದ ಕಾರಣಕ್ಕೂ ಕೀಳು ಕಾರಣಕ್ಕೂ ಒಂದೇ ಮಾತನ್ನು ಒಂದೇ ಉಸಿರಿನಲ್ಲಿ ಆಡಬಲ್ಲ. ಯಾವುದು ಎಷ್ಟು ಎಂದು ಅವನಿಗೇ ತಿಳಿದಿರಬೇಕೆಂದೇನೂ ಇಲ್ಲ.

ಹಾಗಾದರೆ ತೂಗುವುದು ಹೇಗೆ? ಅದೇ ಪಾತ್ರ, ಪ್ರೀತಿಸಿದವರ ಜೀವ ಎದುರಿಗಿದ್ದಾಗ, ಬೇರೆ ಸಂದರ್ಭದಲ್ಲಿ ಅದೇ ನಿಯಮಕ್ಕೆ ಬದ್ಧವಾಗಿರುತ್ತದೆಯೇ ಎಂದು ನೋಡಬೇಕು. ಇದಕ್ಕಾಗಿ ನಾಲ್ಕು ವರ್ಷ ದಾಟಿ, 2002ರ ಅಕ್ಟೋಬರ್ 22ರಂದು ಪ್ರಸಾರವಾದ 'ಸೆಲ್ಫ್‌ಲೆಸ್' ಸಂಚಿಕೆಗೆ ಹೋಗಿ. ಈಗ ಕೊಲೆ ಮಾಡಿರುವವಳು ಅನ್ಯಾ, ಜ್ಯಾಂಡರ್ ಮದುವೆಯ ದಿನ ಕೈಬಿಟ್ಟು ಹೋದ ಹುಡುಗಿ. ಅವಳನ್ನು ಕೊಲ್ಲಲು ಬಫಿ ಹೊರಟಿದ್ದಾಳೆ. ಜ್ಯಾಂಡರ್ ಬೇಡಿಕೊಳ್ಳುತ್ತಾನೆ. ತಾನು ಏಂಜೆಲ್‌ನನ್ನು ಕೊಂದೆನಲ್ಲ, ಆಗ ವಿಲೋ ಹೇಳಿಕಳಿಸಿದ ಮಾತು ನೆನಪಿದೆಯೇ ಎಂದು ಬಫಿ ಕೇಳುತ್ತಾಳೆ. ತಾನು ಹಾಗೆ ಹೇಳಿಯೇ ಇಲ್ಲ ಎಂದು ವಿಲೋ ಅನ್ನುತ್ತಾಳೆ. ಜಗಳದ ಭರದಲ್ಲಿ ಆ ಮಾತನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ಧಾರಾವಾಹಿ ಮುಗಿಯುವವರೆಗೂ ಅದು ಮತ್ತೆ ಬರುವುದೂ ಇಲ್ಲ. ಆದರೆ ನಮ್ಮ ತಕ್ಕಡಿಗೆ ಬೇಕಾದದ್ದು ಸಿಕ್ಕಿತು. ತನ್ನವಳ ವಿಷಯ ಬಂದಾಗ ಜ್ಯಾಂಡರ್ ಮತ್ತೊಂದು ದಾರಿ ಇದ್ದೇ ಇದೆ ಎಂದು ವಾದಿಸುತ್ತಾನೆ. ನ್ಯಾಯದ ಕಾರಣ ಇಲ್ಲಿ ಸ್ವಲ್ಪ ಹಗುರಾಯಿತು, ಹೊಟ್ಟೆಕಿಚ್ಚಿನದು ಸ್ವಲ್ಪ ಭಾರವಾಯಿತು. ಯುದ್ಧದ ಲೆಕ್ಕಾಚಾರ ಮಾತ್ರ ಇದ್ದಲ್ಲೇ ಇದೆ, ಏಕೆಂದರೆ ಅಂದು ಲೋಕವೇ ಪಣಕ್ಕಿತ್ತು.

ನನ್ನ ಜೊತೆ ಇದನ್ನು ನೋಡುತ್ತಿದ್ದ ನನ್ನ ತಂಗಿ, ನಾನು ಮೂರು ಸಲ ನೋಡಿಯೂ ಕಾಣದ ಒಂದನ್ನು ಕಂಡಳು. "ಅಕ್ಕಾ, ನೀನು ಬಫಿಗಾದ ಮೋಸವನ್ನೇ ಬರೀತಾ ಇದೀಯ. ಆಸ್ಪತ್ರೆಯಲ್ಲಿ ಮಲಗಿದ್ದವಳ ಮಾತನ್ನು ಬದಲಿಸಿದನಲ್ಲ, ವಿಲೋಗೆ ಆದ ಮೋಸ ಎಲ್ಲಿ ಬರೆದೆ?" ಎಂದು ಕೇಳಿದಳು. ಅವಳು ಹೇಳಿದ್ದು ಸರಿಯಾಗಿತ್ತು. ಆ ಪುಟದಲ್ಲಿ ವಿಲೋಳ ಹೆಸರೇ ಇರಲಿಲ್ಲ. ಅಂದಿನಿಂದ ಪ್ರತಿ ಕೃತ್ಯಕ್ಕೂ, ಇದರಿಂದ ಯಾರಿಗೆ ಪೆಟ್ಟಾಯಿತು ಎಂಬ ಸಾಲನ್ನು ಸೇರಿಸುತ್ತ ಬಂದಿದ್ದೇನೆ. ಸಾಧ್ಯವಾದರೆ ನೀವೂ ಒಬ್ಬರ ಜೊತೆ ಕುಳಿತು ನೋಡಿ, ಆದರೆ ಸಂಚಿಕೆ ಮುಗಿದು ಇಬ್ಬರೂ ಬೇರೆ ಬೇರೆ ಬರೆದುಕೊಳ್ಳುವವರೆಗೆ ಮಾತಾಡಬೇಡಿ.

ಇನ್ನು ಅತಿಮಾನುಷ ಕಥೆಗಳಿಗೇ ವಿಶೇಷವಾದ ತೊಡಕಿಗೆ ಬರುತ್ತೇನೆ. ಇಂತಹ ಕಥೆಯಲ್ಲಿ ಪಾತ್ರ ಮಾಡಿದ ಕೇಡಿಗೆ ಒಂದು ಸಿದ್ಧ ಸಮಜಾಯಿಷಿ ಸದಾ ಕೈಗೆ ಸಿಗುತ್ತದೆ: ಮಾಟ ತಗುಲಿತ್ತು, ಆತ್ಮ ಇರಲಿಲ್ಲ, ದೆವ್ವ ಮಾಡಿಸಿತು. ಅದನ್ನು ಹಾಗೆಯೇ ಒಪ್ಪಿಕೊಂಡರೆ ಅಲ್ಲಿಗೆ ವಿಚಾರ ನಿಂತುಹೋಗುತ್ತದೆ. ನಾನು ಪಾಲಿಸುವ ನಿಯಮವಿದು: ಮಾಟ ಬರುವುದಕ್ಕೆ ಮೊದಲು ಈ ಪಾತ್ರ ಏನನ್ನು ಬಯಸುತ್ತಿತ್ತು? ಮಾಟವನ್ನು ಕಥೆಯಿಂದ ತೆಗೆದುಬಿಟ್ಟರೆ ಆ ಬಯಕೆ ಉಳಿಯುತ್ತದೆಯೇ? ಉಳಿದರೆ ಮಾಟವು ಸಾಧನ, ಬಯಕೆಯೇ ಕಾರಣ.

ಆತ್ಮ ಎಂಬ ಶಬ್ದದ ಬಗ್ಗೆ ಕನ್ನಡಿಗರಾಗಿ ನಾವು ಇಲ್ಲಿ ಒಂದಿಷ್ಟು ಎಚ್ಚರ ವಹಿಸಬೇಕು. ನಮ್ಮ ಶಾಸ್ತ್ರದ ಮಾತಿನಲ್ಲಿ ಆತ್ಮಕ್ಕೆ ಕೊಳೆ ತಾಗುವುದಿಲ್ಲ, ಅದು ಯಾರಿಂದಲೂ ಕಳೆದುಹೋಗುವುದಿಲ್ಲ; ಆಡುಮಾತಿನಲ್ಲಿ ಆತ್ಮ ಅಲೆಯುತ್ತಿದೆ ಎಂದರೆ ದೇಹವಿಲ್ಲದ ಪ್ರೇತ. ಈ ಧಾರಾವಾಹಿಯಲ್ಲಿ ಇರುವುದು ಇವೆರಡೂ ಅಲ್ಲ. ಅಲ್ಲಿ ದೇಹ, ನೆನಪು, ಬುದ್ಧಿ, ನಗು ಎಲ್ಲವೂ ಇದ್ದು, ಮಾಡಿದ್ದಕ್ಕೆ ಮರುಗುವ ಶಕ್ತಿಯೊಂದೇ ಇಲ್ಲವಾಗಿರುತ್ತದೆ. ನೋಟ್‌ಬುಕ್ಕಿನಲ್ಲಿ ಆತ್ಮ ಎಂದು ಬರೆಯುವಲ್ಲೆಲ್ಲ ನಾನು ಅಂತಃಸಾಕ್ಷಿ ಎಂದೇ ಬರೆಯುತ್ತೇನೆ. ಹಾಗೆ ಬರೆದುಕೊಂಡ ಮೇಲೆ ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಅಂತಃಸಾಕ್ಷಿ ಇಲ್ಲದ ಏಂಜೆಲ್ ಕೊಲ್ಲುತ್ತಾನೆ; ಅಂತಃಸಾಕ್ಷಿ ಇಲ್ಲದ ಇನ್ನೊಬ್ಬ ರಕ್ತಪಿಶಾಚಿ ಸ್ಪೈಕ್, ಐದನೆಯ ಸೀಸನ್ನಿನ 'ಇಂಟರ್‌ವೆನ್ಷನ್' ಸಂಚಿಕೆಯಲ್ಲಿ, ಬಫಿಯ ತಂಗಿ ಡಾನ್‌ಳ ಗುಟ್ಟನ್ನು ಬಿಟ್ಟುಕೊಡದೆ ಚಿತ್ರಹಿಂಸೆ ಸಹಿಸುತ್ತಾನೆ. ಇಬ್ಬರಲ್ಲೂ ಇಲ್ಲದ ಒಂದು ವಸ್ತು ಇಬ್ಬರ ನಡತೆಯನ್ನೂ ವಿವರಿಸಲಾರದು. ಏಂಜೆಲ್ ಬಲಿಪಶುವಿನ ಮನಸ್ಸನ್ನು ಮುರಿದು ಆನಂದಿಸುವವನು. ಸ್ಪೈಕ್ ಯಾರದ್ದಾದರೂ ಕಣ್ಣಿನಲ್ಲಿ ಯೋಗ್ಯನೆನಿಸಿಕೊಳ್ಳಲು ಹಾತೊರೆಯುವವನು. ಈ ಹಸಿವು ಅವನು ರಕ್ತಪಿಶಾಚಿಯಾಗುವುದಕ್ಕೂ ಮೊದಲಿನದು ಎಂಬುದಕ್ಕೆ 'ಫೂಲ್ ಫಾರ್ ಲವ್' ಸಂಚಿಕೆ ಸಾಕ್ಷಿ. 1880ರ ಲಂಡನ್ನಿನಲ್ಲಿ ಕೆಟ್ಟ ಕವಿತೆ ಬರೆಯುವ ವಿಲಿಯಂ ಎಂಬ ಯುವಕನಿಗೆ ಅವನು ಪ್ರೀತಿಸಿದವಳು, ನೀನು ನನಗಿಂತ ಕೆಳಗಿನವನು, ಎನ್ನುತ್ತಾಳೆ. ನೂರಿಪ್ಪತ್ತು ವರ್ಷಗಳ ಮೇಲೆ ಬಫಿ ಅದೇ ಮಾತನ್ನು, ತಿಳಿಯದೆಯೇ, ಅವನ ಮುಖಕ್ಕೆ ಎಸೆಯುತ್ತಾಳೆ.

ವಿಲೋಳ ವಿಷಯದಲ್ಲಿ ಈ ನಿಯಮ ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಧಾರಾವಾಹಿಯೇ ನಮ್ಮ ದಾರಿ ತಪ್ಪಿಸುತ್ತದೆ. ಆರನೆಯ ಸೀಸನ್ನಿನ 'ರೆಕ್ಡ್' ಸಂಚಿಕೆಯಿಂದ ಅವಳ ಮಂತ್ರವಿದ್ಯೆಯನ್ನು ಮಾದಕವಸ್ತುವಿನ ಚಟದಂತೆ ತೋರಿಸಲಾಗುತ್ತದೆ: ನಶೆ, ಕೈನಡುಕ, ಕಾರು ಅಪಘಾತ, ಮನೆಯಿಂದ ಸಾಮಗ್ರಿಯನ್ನೆಲ್ಲ ಹೊರಗೆ ಹಾಕುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ತಪ್ಪೆಲ್ಲ ಮಂತ್ರದ ಮೇಲೆ ಹೋಗುತ್ತದೆ. ಆದರೆ ಅದಕ್ಕೆ ಸ್ವಲ್ಪ ಹಿಂದೆಯೇ ಅವಳು ತನ್ನ ಸಂಗಾತಿ ಟಾರಾಳ ನೆನಪಿನಿಂದ ಒಂದು ಜಗಳವನ್ನು ಅಳಿಸಿಹಾಕಿದ್ದಾಳೆ. ಅದು ಸಿಕ್ಕಿಬಿದ್ದು, ಒಂದು ವಾರ ಮಂತ್ರ ಬಿಡುವುದಾಗಿ ಮಾತು ಕೊಟ್ಟು, ಕೂಡಲೇ ಮುರಿದು ಮತ್ತೆ ಅದನ್ನೇ ಮಾಡಿದ್ದಾಳೆ. ಚಟವಿದ್ದವರು ಮದ್ದಿಗಾಗಿ ಮದ್ದು ಬೇಡುತ್ತಾರೆ. ವಿಲೋ ಬೇಡುತ್ತಿದ್ದುದು, ತಾನು ಪ್ರೀತಿಸಿದವರು ತನ್ನ ಮೇಲೆ ಮುನಿಸಿಕೊಳ್ಳಬಾರದು, ನೋವು ಬಂದರೆ ಅದು ಒಡನೆಯೇ ಇಲ್ಲವಾಗಬೇಕು ಎಂಬುದನ್ನು. ನಾಲ್ಕನೆಯ ಸೀಸನ್ನಿನಲ್ಲಿ ಅವಳ ಪ್ರಿಯಕರ ಓಝ್ ಬಿಟ್ಟುಹೋದಾಗಲೂ ಅವಳು, ತನ್ನ ಇಚ್ಛೆಯಂತೆಯೇ ಎಲ್ಲ ನಡೆಯಲಿ ಎಂಬ ಮಂತ್ರವನ್ನೇ ಹಾಕಿದ್ದಳು.

ಆ ನೋವಿನ ಬುಡ ಎಲ್ಲಿದೆ ಎಂದು ಹುಡುಕುವವರು 2000ದ ಮೇ 23ರಂದು ಪ್ರಸಾರವಾದ 'ರೆಸ್ಟ್‌ಲೆಸ್' ಸಂಚಿಕೆಯ ಕನಸನ್ನು ನೋಡಬೇಕು. ನಾನು ಮೊದಲ ಸಲ ಅದನ್ನು ಅರ್ಥವಾಗದ ಚೆಲುವಾದ ಗೊಂದಲವೆಂದು ದಾಟಿಸಿಬಿಟ್ಟಿದ್ದೆ. ತರಗತಿಯ ಎದುರು ನಿಂತ ವಿಲೋಳ ಬಟ್ಟೆಯನ್ನು, ಇದು ವೇಷ, ತೆಗೆ ಎನ್ನುವಂತೆ ಬಫಿ ಸೆಳೆದುಹಾಕುತ್ತಾಳೆ. ಒಳಗಿರುವುದು ಮೊದಲ ಸೀಸನ್ನಿನ ಅದೇ ಅಂಜುಬುರುಕ ಹುಡುಗಿ, ಅದೇ ಹಳೆಯ ಉಡುಪಿನಲ್ಲಿ. ಇಡೀ ತರಗತಿ ಅವಳನ್ನು ಹಂಗಿಸುತ್ತದೆ. ಎರಡು ವರ್ಷದ ಮೇಲೆ, ಟಾರಾ ಗುಂಡೇಟಿಗೆ ಬಲಿಯಾಗಿ ವಿಲೋ ಲೋಕವನ್ನೇ ಸುಡಲು ನಿಂತಾಗ, ಅವಳು ತನ್ನ ಹಳೆಯ ರೂಪದ ಬಗ್ಗೆ ಆಡುವ ತಿರಸ್ಕಾರದ ಮಾತುಗಳನ್ನು ಈ ಕನಸಿನ ಪಕ್ಕದಲ್ಲಿಟ್ಟು ಕೇಳಿ. ಮಂತ್ರ ಅವಳಿಗೆ ಬೇಕಾಗಿದ್ದದ್ದು ಆ ಹುಡುಗಿಯಾಗಿ ಮತ್ತೆಂದೂ ನಿಲ್ಲದಿರಲು. ಜ್ಯಾಂಡರ್ ಅವಳನ್ನು ತಡೆಯುವುದೂ ಆ ಹುಡುಗಿಯ ಹೆಸರಿನಲ್ಲಿಯೇ: ಶಿಶುವಿಹಾರದಲ್ಲಿ ಹಳದಿ ಬಣ್ಣದ ಕ್ರೇಯಾನ್ ಮುರಿದುಕೊಂಡು, ಹೇಳಲು ಹೆದರಿ ಅತ್ತವಳನ್ನು ತಾನು ಪ್ರೀತಿಸುತ್ತೇನೆ ಎಂದು. ಚಟದ ವಿವರಣೆಯನ್ನೇ ನೆಚ್ಚಿಕೊಂಡವರಿಗೆ ಈ ದೃಶ್ಯ ಭಾವುಕತೆಯಾಗಿ ಕಾಣಬಹುದು. ಕನಸಿನಿಂದ ಹೊರಟವರಿಗೆ ಅದು ಬಿಗಿದ ಗಂಟಿನ ಸರಿಯಾದ ಎಳೆಯನ್ನೇ ಎಳೆದಂತೆ ಕಾಣುತ್ತದೆ.

ಬಾಯಿಬಿಟ್ಟು ಕಾರಣ ಹೇಳುವ ಪಾತ್ರಗಳನ್ನು ತೂಗುವಾಗ ಅವರ ಮಾತನ್ನು ಹಿಂದಿನ ನಡತೆಯ ಮೇಲಿಟ್ಟು ಉಜ್ಜಿ ನೋಡಬೇಕು. 2001ರ ಮೇ 22ರಂದು ಪ್ರಸಾರವಾದ 'ದಿ ಗಿಫ್ಟ್', 100ನೆಯ ಸಂಚಿಕೆ. ಗ್ಲೋರಿ ಎಂಬ ದುಷ್ಟದೇವತೆ ಬೆನ್ ಎಂಬ ಯುವಕನ ದೇಹದಲ್ಲಿ ಅಡಗಿದ್ದಾಳೆ. ಬಫಿ ಅವಳನ್ನು ಸೋಲಿಸಿ, ಅವಳು ಬೆನ್ ಆಗಿ ಬದಲಾದಾಗ ಬದುಕಿಸಿ ಹೋಗುತ್ತಾಳೆ. ಆಮೇಲೆ ಜೈಲ್ಸ್ ಅವನ ಪಕ್ಕದಲ್ಲಿ ಕೂರುತ್ತಾನೆ, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಳ್ಳುತ್ತಾನೆ, ಬಫಿ ಎಂದೂ ಮನುಷ್ಯನನ್ನು ಕೊಲ್ಲಲಾರಳು, ಅವಳು ನಮ್ಮಂಥವಳಲ್ಲ ಎಂದು ಮೆಲ್ಲಗೆ ವಿವರಿಸಿ, ಬೆನ್‌ನ ಮೂಗು ಬಾಯಿ ಒತ್ತಿ ಹಿಡಿಯುತ್ತಾನೆ. ಅವನು ಹೇಳಿದ ಕಾರಣ ಲೋಕದ ಉಳಿವು. ನಾನು ಅದನ್ನು ನಂಬುತ್ತೇನೆ, ಆದರೆ ಅದರಷ್ಟೇ ಭಾರದ ಇನ್ನೊಂದು ಕಾರಣ ಮೂರನೆಯ ಸೀಸನ್ನಿನ 'ಹೆಲ್ಪ್‌ಲೆಸ್' ಸಂಚಿಕೆಯಲ್ಲಿದೆ. ಅಲ್ಲಿ ಜೈಲ್ಸ್, ತನ್ನ ಮೇಲಿನವರ ಅಪ್ಪಣೆಗೆ ಕಟ್ಟುಬಿದ್ದು, 18ನೆಯ ಹುಟ್ಟುಹಬ್ಬದ ಪರೀಕ್ಷೆಗಾಗಿ ಬಫಿಗೆ ತಿಳಿಸದೆಯೇ ಅವಳ ಬಲ ಕುಂದಿಸುವ ಚುಚ್ಚುಮದ್ದು ಕೊಡುತ್ತಾನೆ. ತಾಳಲಾರದೆ ನಿಜ ಹೇಳುತ್ತಾನೆ. ಅವಳ ಮೇಲೆ ತಂದೆಯ ಪ್ರೀತಿ ಇರಿಸಿಕೊಂಡದ್ದಕ್ಕಾಗಿ ಕೆಲಸ ಕಳೆದುಕೊಳ್ಳುತ್ತಾನೆ. ಒಮ್ಮೆ ಅವಳ ಕೈಯನ್ನು ದುರ್ಬಲ ಮಾಡಿದವನು, ಈಗ ಅವಳ ಕೈಗೆ ಕೊಳೆ ಅಂಟದಂತೆ ತಾನೇ ಕೊಳೆಯನ್ನು ಹೊರುತ್ತಿದ್ದಾನೆ. ಇವೆರಡು ಸಂಚಿಕೆಗಳನ್ನು ಒಂದೇ ಸಂಜೆ ಬೆನ್ನಿಗೆ ಬೆನ್ನು ನೋಡುವಂತೆ ಎಲ್ಲರಿಗೂ ಹೇಳುತ್ತೇನೆ.

ಎಲ್ಲ ನಿರ್ಧಾರಗಳೂ ಪಾತ್ರಗಳ ಮನಸ್ಸಿನಿಂದ ಹುಟ್ಟಿದವಲ್ಲ, ಕೆಲವು ತಯಾರಕರ ಮೇಜಿನ ಮೇಲೆ ಹುಟ್ಟಿದವು ಎಂಬುದನ್ನೂ ನೆನಪಿಡಬೇಕು. ನರಕದಿಂದ ಮರಳಿದ್ದ ಏಂಜೆಲ್ ಮೂರನೆಯ ಸೀಸನ್ನಿನ ಕೊನೆಗೆ ಊರು ಬಿಡುವುದು, ಅವನದೇ ಹೆಸರಿನ ಬೇರೊಂದು ಧಾರಾವಾಹಿ 1999ರ ಅಕ್ಟೋಬರ್ 5ರಂದು ಆರಂಭವಾಗಲಿದ್ದುದರಿಂದ. ಜೈಲ್ಸ್ ಆರನೆಯ ಸೀಸನ್ನಿನ ನಡುವೆ ಇಂಗ್ಲೆಂಡಿಗೆ ಮರಳುವುದು, ಆ ಪಾತ್ರ ಮಾಡಿದ ಆಂಥನಿ ಹೆಡ್ ತಮ್ಮ ಕುಟುಂಬದ ಜೊತೆ ಇರಬಯಸಿದ್ದರಿಂದ. ಇವುಗಳನ್ನು ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಹೊರಗಿನ ಕಾರಣಕ್ಕೆ ಕಥೆ ಒಳಗಿನ ಕಾರಣವನ್ನು ದುಡಿದು ಗಳಿಸಿತೇ? ಏಂಜೆಲ್‌ನ ವಿಷಯದಲ್ಲಿ ಗಳಿಸಿತು; ಬಫಿಯ ತಾಯಿ ಜಾಯ್ಸ್ ಅವನಲ್ಲಿಗೆ ಹೋಗಿ ಮಗಳ ಭವಿಷ್ಯದ ಬಗ್ಗೆ ಮಾತಾಡುವ ಶಾಂತ ದೃಶ್ಯ ಅವನ ನಿರ್ಗಮನವನ್ನು ಹೊರಬಲ್ಲದು. ಜೈಲ್ಸ್‌ನ ವಿಷಯದಲ್ಲಿ ಗಳಿಸಲಿಲ್ಲ ಎಂಬುದು ನನ್ನ ತೀರ್ಪು. ಸತ್ತ ಬಫಿಯನ್ನು ಗೆಳೆಯರು ಮಂತ್ರದಿಂದ ಎಳೆದು ತಂದದ್ದು ಸ್ವರ್ಗದಿಂದ ಎಂದು ಅವನಿಗೆ ತಿಳಿದದ್ದು ಹಾಡುಗಳ ಸಂಚಿಕೆಯಲ್ಲಿ; ಮರುಸಂಚಿಕೆಯಲ್ಲಿಯೇ, ಅವಳು ತನ್ನ ಕಾಲ ಮೇಲೆ ನಿಲ್ಲಲಿ ಎಂದು ವಿಮಾನ ಹತ್ತುತ್ತಾನೆ. 'ಹೆಲ್ಪ್‌ಲೆಸ್' ಮತ್ತು 'ದಿ ಗಿಫ್ಟ್' ಸಂಚಿಕೆಗಳ ಜೈಲ್ಸ್ ಹಾಗೆ ಹೋಗುವವನಲ್ಲ. ಅಲ್ಲಿ ಪಾತ್ರವನ್ನು ದೂಷಿಸದೆ, ಬರವಣಿಗೆಯ ಕೊರತೆ ಎಂದು ಬರೆದು ಮುಂದೆ ಸಾಗಿ.

ನೋಡುವ ಬಗೆಯ ಕುರಿತು ಎರಡು ಸಣ್ಣ ಮಾತು. ಸಂಚಿಕೆಯ ಆರಂಭದಲ್ಲಿ ಬರುವ ಹಿಂದಿನ ಕಥೆಯ ತುಣುಕುಗಳನ್ನು ಬಿಟ್ಟುಬಿಡಿ; ಯಾವುದನ್ನು ನೆನಪಿಡಬೇಕೆಂದು ಸಂಕಲನಕಾರರು ಆಗಲೇ ನಮಗೆ ಹೇಳಿಬಿಡುತ್ತಾರೆ. ಇನ್ನು, ಹೈ ಡೆಫಿನಿಷನ್‌ಗೆ ಬದಲಿಸಿದ ಆವೃತ್ತಿಯಲ್ಲಿ ಚೌಕಟ್ಟನ್ನು ಅಗಲಿಸಿರುವುದರಿಂದ ಕೆಲವೆಡೆ ಚಿತ್ರೀಕರಣದ ಸಲಕರಣೆ ಕಾಣುತ್ತದೆ, ರಾತ್ರಿಯ ಕೆಲವು ದೃಶ್ಯಗಳು ಹಗಲಿನಷ್ಟು ಬೆಳಗುತ್ತವೆ. ಹಳೆಯ ಚೌಕ ಚಿತ್ರದ ಡಿವಿಡಿ ಸಿಕ್ಕರೆ ಅದೇ ಮೇಲು. ಮುಖಗಳು ಅಲ್ಲಿ ನಿರ್ದೇಶಕರು ಇಟ್ಟ ಜಾಗದಲ್ಲಿಯೇ ಇವೆ.

ಕೆಲವೊಮ್ಮೆ ಬರಹಗಾರರೇ ಬೇಕೆಂದು ಎರಡರ್ಥದ ಮಾತು ಹೆಣೆದಿರುತ್ತಾರೆ. ಆರನೆಯ ಸೀಸನ್ನಿನ ಕೊನೆಗೆ, ಬಫಿಯ ಮೇಲೆ ಬಲಾತ್ಕಾರಕ್ಕೆ ಯತ್ನಿಸಿದ ಸ್ಪೈಕ್ ಆಫ್ರಿಕಾದ ಗುಹೆಯೊಂದಕ್ಕೆ ಹೋಗಿ, ತನ್ನನ್ನು ಮೊದಲಿನಂತೆ ಮಾಡು, ಬಫಿಗೆ ತಕ್ಕದ್ದು ಸಿಗಲಿ ಎಂದು ಬೇಡುತ್ತಾನೆ. ಮೊದಲ ಸಲ ಅದು ಸೇಡಿನ ಮಾತು. ಅಂತಃಸಾಕ್ಷಿ ಬೇಡಲು ಹೋಗಿದ್ದನೆಂದು ತಿಳಿದು ಕೇಳಿದರೆ ಅದೇ ಶಬ್ದಗಳು ಪಶ್ಚಾತ್ತಾಪದವು. ಆದರೂ ನನ್ನ ಪುಟದಲ್ಲಿ ಒಂದು ಸಾಲು ಹಾಗೆಯೇ ಇದೆ: ಬಫಿಗೆ ತಕ್ಕವನಾಗುವುದು ಇನ್ನೂ ಅವಳನ್ನು ಪಡೆಯುವ ಆಸೆಯೇ ಅಲ್ಲವೇ? ಏಳನೆಯ ಸೀಸನ್ ನೋಡಿದ ಮೇಲೂ ನಾನು ಆ ಸಾಲನ್ನು ಹೊಡೆದುಹಾಕಿಲ್ಲ.

ಹೊಸದಾಗಿ ಈ ಕ್ರಮವನ್ನು ಆರಂಭಿಸುವವರು, ಬಫಿಯಂತೆಯೇ ರಕ್ತಪಿಶಾಚಿಗಳ ಬೇಟೆಗಾರ್ತಿಯಾದ ಫೇಯ್ತ್‌ಳನ್ನು ಆರಿಸಿಕೊಳ್ಳಲಿ. ಅವಳ ಕಥೆ ಚಿಕ್ಕದು, ಸಾಕ್ಷಿ ದಟ್ಟವಾಗಿದೆ. ಮೂರನೆಯ ಸೀಸನ್ನಿನ 'ಬ್ಯಾಡ್ ಗರ್ಲ್ಸ್' ಮತ್ತು 'ಕಾನ್ಸಿಕ್ವೆನ್ಸಸ್' ಸಂಚಿಕೆಗಳಿಂದ ಹೊರಡಿ. ಕತ್ತಲ ಗಲ್ಲಿಯಲ್ಲಿ ರಕ್ತಪಿಶಾಚಿಯೆಂದು ತಿಳಿದು ಅವಳು ಉಪಮೇಯರ್‌ನನ್ನು ತಿವಿದುಬಿಡುತ್ತಾಳೆ. ತನಗೆ ಚಿಂತೆಯೇ ಇಲ್ಲ ಎನ್ನುತ್ತಾಳೆ. ಆಮೇಲೆ ಯಾರು ಯಾರು ಅವಳ ಬಳಿ ಬಂದರು, ಯಾವ ಕ್ರಮದಲ್ಲಿ ಬಂದರು ಎಂದು ಬರೆದುಕೊಳ್ಳಿ. ಏಂಜೆಲ್‌ನ ಮಾತಿಗೆ ಅವಳು ಕರಗತೊಡಗಿದ ಹೊತ್ತಿಗೇ, ಜೈಲ್ಸ್‌ನ ಜಾಗಕ್ಕೆ ಬಂದಿದ್ದ ವೆಸ್ಲಿ ತನ್ನವರೊಡನೆ ಬಾಗಿಲು ಒಡೆದು ನುಗ್ಗುತ್ತಾನೆ. ಆ ರಾತ್ರಿಯ ನಂತರವೇ ಅವಳು ಬಫಿಯ ಶತ್ರುವಾದ ಮೇಯರ್‌ನ ಬಾಗಿಲು ತಟ್ಟುವುದು. ಬಳಿಕ ನಾಲ್ಕನೆಯ ಸೀಸನ್ನಿನ 'ದಿಸ್ ಇಯರ್ಸ್ ಗರ್ಲ್' ಮತ್ತು 'ಹೂ ಆರ್ ಯೂ' ಸಂಚಿಕೆಗಳನ್ನು ನೋಡಿ. ಮಾಟದಿಂದ ಬಫಿಯ ದೇಹ ಹೊಕ್ಕ ಫೇಯ್ತ್ ಕನ್ನಡಿಯೆದುರು ನಿಂತು, ಹಾಗೆ ಮಾಡಬಾರದು, ಅದು ತಪ್ಪು ಎಂಬ ಬಫಿಯ ಮಾತನ್ನು ಮುಖ ಸೊಟ್ಟ ಮಾಡಿ ಮತ್ತೆ ಮತ್ತೆ ಅಣಕಿಸುತ್ತಾಳೆ. ಅದೇ ಸಂಚಿಕೆಯ ಕೊನೆಯ ಭಾಗದಲ್ಲಿ, ಚರ್ಚಿನೊಳಗೆ ಜನರನ್ನು ಒತ್ತೆಯಿಟ್ಟುಕೊಂಡ ರಕ್ತಪಿಶಾಚಿಗಳ ಎದುರು ನಿಂತು, ಯಾರೂ ಅವಳನ್ನು ಗುರುತಿಸಲಾರದ ಆ ಮುಖದಲ್ಲಿ, ಅದೇ ಮಾತನ್ನು ಮತ್ತೊಮ್ಮೆ ಹೇಳುತ್ತಾಳೆ. ಆ ಎರಡನೆಯ ಸಲದ ದನಿಯನ್ನು ಕೇಳಿಸಿಕೊಂಡ ಮೇಲೆ ಎಡಪುಟದ ಮೊದಲ ಸಾಲು ಬರೆಯಿರಿ.